ಮೂರು ಲೀಟರಿನ ಬಾಣಂತನ

ನನ್ನ ಹೊಟ್ಟೆಯ ಮೇಲೆ ಈಗ ಐದು ತೂತುಗಳಿವೆ. ಒಂದು ಹುಟ್ಟಿನಿಂದ ಬಂದದ್ದು, ಅದಕ್ಕೆ ಹೊಕ್ಕುಳು ಎನ್ನುತ್ತಾರೆ. ಉಳಿದ ನಾಲ್ಕನ್ನು ಐವತ್ನಾಲ್ಕನೆಯ ವಯಸ್ಸಿನಲ್ಲಿ ನಾನೇ ನನ್ನ ಕಾಲಿನಿಂದ ನಡೆದುಕೊಂಡು ಹೋಗಿ ಮಾಡಿಸಿಕೊಂಡು ಬಂದೆ. ಬಂಧುಬಳಗಕ್ಕೆಲ್ಲ ಹರ್ನಿಯಾ ಎಂದು ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದು ಲೈಪೊಸಕ್ಷನ್. ಚರ್ಮದಡಿ ನಳಿಗೆ ತೂರಿಸಿ, ಎಳನೀರು ಹೀರಿದಂತೆ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಹಾಗೆ ತೆಗೆದದ್ದನ್ನು ಲೀಟರಿನಲ್ಲಿ ಅಳೆಯುತ್ತಾರೆಂದು ಗೊತ್ತಾದಾಗ ನನಗೆ ನನ್ನ ಬಗ್ಗೆ ಇದ್ದ ಗೌರವ ಸ್ವಲ್ಪ ಕಡಿಮೆಯಾಯಿತು.

ಇಷ್ಟಕ್ಕೆಲ್ಲ ಕಾರಣ ಒಂದು ಗುಂಡಿ. ಇಲಾಖೆಯ ಸಭೆಯಲ್ಲಿ ವರದಿ ಒಪ್ಪಿಸಲೆಂದು ಎದ್ದು ನಿಂತು, ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡೆ. ಅಂಗಿಯ ನಾಲ್ಕನೆಯ ಗುಂಡಿ ಹಾರಿಹೋಗಿ ಎದುರಿಗೆ ಕೂತಿದ್ದ ಹಿರಿಯ ಅಧಿಕಾರಿಯ ಚಹಾದಲ್ಲಿ ಬಿತ್ತು. ಅವರು ಸಭ್ಯರು. ಚಮಚದಿಂದ ಅದನ್ನೆತ್ತಿ ಬಸಿಯ ಅಂಚಿಗಿಟ್ಟು, "ಚೆಪ್ಪಂಡಿ", ಅಂದರೆ ಮುಂದೆ ಹೇಳಿ, ಎಂದು ತೆಲುಗಿನಲ್ಲಿ ಅಂದರು. ಎರಡು ಮಾತು ಬೈದಿದ್ದರೆ ನನ್ನ ಹೊಟ್ಟೆ ಇವತ್ತಿಗೂ ಇದ್ದಲ್ಲೇ ಇರುತ್ತಿತ್ತು. ಆ ಸಭ್ಯತೆಯನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ವ್ಯಾಯಾಮ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದೆ. ನಾರಾಯಣಗೂಡದ ನಮ್ಮ ಮನೆಯಿಂದ ಹಿಮಾಯತ್‌ನಗರದವರೆಗೆ ದಿನಾ ಬೆಳಿಗ್ಗೆ ಬಿರುಸಾಗಿ ನಡೆಯುತ್ತಿದ್ದೆ. ಅಲ್ಲಿ ಇಡ್ಲಿ ಬಂಡಿಯವನು ನನ್ನನ್ನು ಕಂಡೊಡನೆ ತಟ್ಟೆ ಹಚ್ಚುತ್ತಿದ್ದ. ಕಾಯ್ದು ನಿಂತವನ ಮನಸ್ಸು ನೋಯಿಸುವುದು ನನ್ನ ಸ್ವಭಾವವಲ್ಲ.

ಹರ್ನಿಯಾದ ಸುಳ್ಳು ಹೇಳಿದ್ದು ಮುಖ್ಯವಾಗಿ ನೀಲಮ್ಮತ್ತೆಗಾಗಿ. ಇವಳು ನನ್ನ ತಂದೆಯ ತಂಗಿ. ಎಂಬತ್ತೆರಡು ವರ್ಷ, ದಿಲ್‌ಸುಖ್‌ನಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ನಮ್ಮ ಅಜ್ಜ ನೌಕರಿಗೆಂದು ಕಲಬುರಗಿಯಿಂದ ಈ ತೆಲುಗು ಊರಿಗೆ ಬಂದ ಮೇಲೆ ನಮ್ಮ ಮನೆತನದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ಎರೆದದ್ದು, ಹೆತ್ತವರ ಬಾಣಂತನ ಮಾಡಿದ್ದು ಇವಳೇ. ಮದುವೆ ಮುಂಜಿ ಎಲ್ಲೇ ಸಿಕ್ಕರೂ ನಾಲ್ಕು ಜನರೆದುರು ನನ್ನ ಹೊಟ್ಟೆಯನ್ನು ಅಂಗೈಯಿಂದ ತಟ್ಟಿ, "ನೋಡ್ರಿ, ನಮ್ಮ ಶರಣ್ಯಾ ಹೆಂಗ ಮೈ ತುಂಬಿಕೊಂಡಾನ" ಎನ್ನುತ್ತಿದ್ದಳು. ನಾನು ನಾಚಿಕೆಯಿಂದ ಕುಗ್ಗುತ್ತಿದ್ದೆ. ಅವಳ ಮುಖದಲ್ಲಿ ಮಾತ್ರ ಎಂಥದೋ ಅಭಿಮಾನ ಇರುತ್ತಿತ್ತು. ಆ ಅಭಿಮಾನವನ್ನು ನಳಿಗೆ ಹಾಕಿ ತೆಗೆಸಿ ಬಂದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಮನೆಗೆ ಬಂದ ಮೊದಲ ಎರಡು ದಿನ ನಾನು ಸೋರಿದೆ. ತೂತುಗಳಿಂದ ತಿಳಿಗೆಂಪು ನೀರು ಜಿನುಗುತ್ತದೆ, ಜಿನುಗಲಿ, ಒಳಗೆ ಉಳಿಯುವುದಕ್ಕಿಂತ ಅದೇ ಒಳ್ಳೆಯದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೆಂಡತಿ ಸುವರ್ಣಾ ಅಟ್ಟದಿಂದ ಮಗಳ ತೊಟ್ಟಿಲಿನ ಕಾಲದ ರಬ್ಬರ್ ಹಾಸು ಇಳಿಸಿ ನನ್ನಡಿ ಹಾಸಿದಳು. ಅದರ ಮೇಲೆ ಹಳದಿ ಬಾತುಕೋಳಿಗಳ ಚಿತ್ರವಿದೆ. ಗೆಜೆಟೆಡ್ ಅಧಿಕಾರಿಯೊಬ್ಬ ಬಾತುಕೋಳಿಗಳ ಮೇಲೆ ಮಲಗಿ ಸೋರಿದ. ದಿನಕ್ಕೆರಡು ಸಲ ಅವಳು ಸಾಬೂನಿನಿಂದ ಕೈ ತೊಳೆದು, ಗಾಯ ಒರೆಸಿ, ಒಣಗಿಸಿ, ಹೊಸ ಪಟ್ಟಿ ಇಡುತ್ತಿದ್ದಳು. ಎಣ್ಣೆ, ಅರಿಸಿನ, ಪೌಡರು, ಯಾವುದೂ ತಾಕಕೂಡದು. ಮೇಲೊಂದು ಬಿಗಿ ಅಂಗಿ, ಹಗಲೂ ರಾತ್ರಿ. ಅದನ್ನು ನನಗೆ ತೊಡಿಸುವುದೆಂದರೆ ಗಾದಿಯನ್ನು ದಿಂಬಿನ ಚೀಲಕ್ಕೆ ತುಂಬಿದ ಹಾಗೆ.

ಇವೆಲ್ಲದರ ಜೊತೆಗೆ ಮಾಲಿಶ್. ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ನಮ್ಮ ಮೈಯಲ್ಲಿ ರಕ್ತವಲ್ಲದೆ ದುಗ್ಧರಸ ಎಂಬ ಇನ್ನೊಂದು ನೀರು ಹರಿಯುತ್ತದೆ. ರಕ್ತಕ್ಕೆ ಹೃದಯವಿದೆ, ತಳ್ಳಿ ಕಳಿಸುತ್ತದೆ. ಈ ಬಡಪಾಯಿಗೆ ಹಾಗೆ ತಳ್ಳುವವರಿಲ್ಲ. ಮೂವತ್ತು ವರ್ಷ ಸರಕಾರಿ ನೌಕರಿ ಮಾಡಿದ ನನಗೆ ಇದು ಕೂಡಲೇ ಅರ್ಥವಾಯಿತು, ಏಕೆಂದರೆ ಫೈಲಿನ ಸ್ವಭಾವವೂ ಇದೇ. ಯಾರಾದರೂ ಬಂದು ಮೆಲ್ಲಗೆ ಒಂದು ಮಾತು ಆಡಿದರೆ ಮುಂದಿನ ಮೇಜಿಗೆ ಹೋಗುತ್ತದೆ. ಜೋರು ಮಾಡಿದರೆ ಅಲ್ಲೇ ಗಂಟಾಗಿ ಕೂರುತ್ತದೆ. ಆದ್ದರಿಂದ ಈ ಮಾಲಿಶನ್ನು ಚರ್ಮ ಸರಿದರೂ ಮಾಂಸಕ್ಕೆ ಗೊತ್ತಾಗಬಾರದು ಎಂಬಷ್ಟು ಹಗುರವಾಗಿ ಮಾಡಬೇಕು. ಅದಕ್ಕೆಂದೇ ಕಲಿತ ಲಕ್ಷ್ಮಿ ಎಂಬ ತೆಲುಗು ಹುಡುಗಿ ದಿನಾ ಬರುತ್ತಿದ್ದಳು.

ಐದನೆಯ ದಿನ ಸುವರ್ಣಾ ಫೋನಿನಲ್ಲಿ ಬಾಯಿ ತಪ್ಪಿ, "ಡಾಕ್ಟರು ಮಾಲಿಶ್ ಹೇಳ್ಯಾರ್ರಿ ಅತ್ತಿ" ಎಂದುಬಿಟ್ಟಳು. ಮರುದಿನ ಬೆಳಿಗ್ಗೆ, ನಡುವೆ ಮೆಟ್ರೊ ಬದಲಿಸಿಕೊಂಡು, ನೀಲಮ್ಮತ್ತೆ ನಮ್ಮ ಬಾಗಿಲಲ್ಲಿದ್ದಳು. ಒಂದು ಕೈಯಲ್ಲಿ ಔಡಲೆಣ್ಣೆಯ ಶೀಸೆ, ಇನ್ನೊಂದರಲ್ಲಿ ಅಂಟಿನ ಉಂಡಿಯ ಡಬ್ಬಿ, ಕಂಕುಳಲ್ಲಿ ಹೊಟ್ಟೆ ಕಟ್ಟಲು ಹಳೆಯ ಮೆತ್ತನೆಯ ಧೋತರ. ಅವಳ ಮರಿಮಗ ಹುಟ್ಟಿದಾಗ ಮಕ್ಕಳ ಡಾಕ್ಟರು ಕೂಸನ್ನು ತಿಕ್ಕುವುದು ಬೇಡ ಎಂದಿದ್ದರು. ಅಂದಿನಿಂದ ಆ ಕೈಗಳಿಗೆ ಕೆಲಸವಿರಲಿಲ್ಲ. ಈಗ ಅವಳ ಕಣ್ಣಿಗೆ ನಾನು ಬಿದ್ದೆ.

"ಹೊಟ್ಟಿ ಕೊಯ್ದಾರಂದ್ರ ಬಾಣಂತಿನ. ಗಂಡಸಾದ್ರೇನು, ಹೆಂಗಸಾದ್ರೇನು" ಎಂದು ತೀರ್ಪು ಕೊಟ್ಟು ಅವಳು ಮೊದಲು ಫ್ಯಾನು ಆರಿಸಿದಳು. ನನ್ನ ಕಿವಿಗೆ ಹತ್ತಿ ಬಂತು, ತಲೆಗೆ ರುಮಾಲು ಬಂತು, ಕುಡಿಯಲು ಅಜಿವಾನದ ನೀರು ಬಂತು, ಮಂಚದಡಿ ಲೋಬಾನದ ಹೊಗೆ ಬಂತು. ನಿಜ ಹೇಳಿ ಬೈಸಿಕೊಳ್ಳಬೇಕು, ಇಲ್ಲವೇ ಸುಮ್ಮನೆ ಬಾಣಂತಿಯಾಗಬೇಕು. ನಾನು ಬಾಣಂತಿಯಾದೆ. ಸಹೋದ್ಯೋಗಿಯೊಬ್ಬರು ನೋಡಲು ಬಂದು, ರುಮಾಲು ಕಟ್ಟಿಕೊಂಡು ಹೊಗೆಯ ನಡುವೆ ಕೂತಿದ್ದ ನನ್ನನ್ನು ಕಂಡು, ತಂದ ಸೇಬುಗಳನ್ನು ಹೊಸ್ತಿಲಲ್ಲೇ ಇಟ್ಟು ಹೋದರು. ಎಣ್ಣೆಯ ಶೀಸೆಯನ್ನು ಮಾತ್ರ ಸುವರ್ಣಾ ಜಾಣತನದಿಂದ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟಳು. ಉಂಡಿ ಎಂದರೆ ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ, ಮೇಲೆ ಧಾರಾಳ ತುಪ್ಪ. ಡಾಕ್ಟರು ನಳಿಗೆಯಿಂದ ತೆಗೆದದ್ದನ್ನು ಇವಳು ದುಂಡಗೆ ಕಟ್ಟಿ ತಂದಿದ್ದಳು. ನಾನು ಅವನ್ನು ದಿಂಬಿನಡಿ ಅಡಗಿಸಿ, ಲಕ್ಷ್ಮಿ ಹೋಗುವಾಗ ಅವಳ ಚೀಲಕ್ಕೆ ಸೇರಿಸುತ್ತಿದ್ದೆ. ಎರಡೇ ವಾರದಲ್ಲಿ ಲಕ್ಷ್ಮಿಯ ಕೆನ್ನೆಗಳು ತುಂಬಿಕೊಂಡವು.

ಅತ್ತೆ ದಿನಾ ಬಂದು, ಮಾಲಿಶ್ ನಡೆಯುವಾಗ ಪರೀಕ್ಷಕಳಂತೆ ಕುರ್ಚಿ ಹಾಕಿಕೊಂಡು ಎದುರಿಗೇ ಕೂರುತ್ತಿದ್ದಳು. "ಇದ್ಯಾವ ಮಾಲಿಶ್. ಬೆಕ್ಕಿನ ಮೈ ಸವರಿದಂಗ ಮಾಡಾಕತ್ತಾಳ" ಎನ್ನುವಳು. ದೊಡ್ಡಮ್ಮ ಏನೆಂದರು ಎಂದು ಲಕ್ಷ್ಮಿ ತೆಲುಗಿನಲ್ಲಿ ಕೇಳಿದರೆ, ನಿನ್ನ ಕೈ ಬಹಳ ನಾಜೂಕು ಅಂತೆ ಎಂದು ನಾನು ಅನುವಾದಿಸುತ್ತಿದ್ದೆ. ನನ್ನ ಗಾಯಗಳನ್ನು ಅತ್ತೆ ನೋಡಿದ್ದು ಒಂದೇ ಸಲ. "ನಿಮ್ಮ ಮಾಮಾಗ ಹರ್ನಿಯಾ ಆದಾಗ ಇಲ್ಲಿ ಕೊಯ್ದಿರಲಿಲ್ಲಲ್ಲ" ಎಂದಳು. ಈಗ ಹೊಸ ನಮೂನೆ ಬಂದಿದೆ ಅತ್ತಿ, ಕ್ಯಾಮೆರಾ ಬಿಟ್ಟು ಮಾಡುತ್ತಾರೆ ಎಂದೆ. ಅವಳು ಮುಂದೆ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು ಎಂದು ಆಗಲೇ ಅನ್ನಿಸಿತು.

ಮೂರನೆಯ ವಾರ ಲಕ್ಷ್ಮಿ ಅಕ್ಕನ ಮದುವೆಗೆಂದು ಊರಿಗೆ ಹೋದಳು. ಎರಡೇ ದಿನಕ್ಕೆ ಹೊಕ್ಕುಳಿನ ಬಲಗಡೆ ಬಿಗಿದುಕೊಂಡು ಗಟ್ಟಿಯಾಯಿತು. ಮನೆಯವರೇ ಯಾರಾದರೂ ಹಗುರವಾಗಿ ಕೈಯಾಡಿಸಲಿ ಎಂದರು ಡಾಕ್ಟರು. ಸುವರ್ಣಾ ಪ್ರಯತ್ನಿಸಿದಳು. ಇಪ್ಪತ್ತೇಳು ವರ್ಷ ಒಟ್ಟಿಗೆ ಸಂಸಾರ ಮಾಡಿದ ಹೆಂಡತಿಯ ಕೈ ಗಂಡನ ಹೊಟ್ಟೆಯ ಮೇಲೆ ಹಗುರವಾಗಿರಬೇಕೆಂದು ಬಯಸುವುದೇ ತಪ್ಪು. ನನ್ನ ಕೂಗಿಗೆ ಪಕ್ಕದ ಫ್ಲಾಟಿನವರು ಬಾಗಿಲು ತಟ್ಟಿದರು.

ಆಗ ನೀಲಮ್ಮತ್ತೆ ಎದ್ದಳು. ಬೆರಳುಗಳ ಉಗುರು ಕತ್ತರಿಸಿಕೊಂಡಳು. ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಂಡಳು. ಎಣ್ಣೆ ಕೇಳಲಿಲ್ಲ. ನನಗೆ ಪ್ರಾಣಭಯವಾಯಿತು. ಮೂರು ತಲೆಮಾರಿನ ಕೂಸುಗಳು ಈ ಕೈಯಡಿ ಓಣಿ ಕೇಳುವಂತೆ ಅತ್ತದ್ದನ್ನು ನಾನೇ ಬಲ್ಲೆ. ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕಾದೆ. ಸ್ವಲ್ಪ ಹೊತ್ತಾದರೂ ಏನೂ ಆಗದಿದ್ದಾಗ ಕಣ್ಣು ಬಿಟ್ಟು ನೋಡಿದರೆ ಅವಳ ಕೈ ಆಗಲೇ ನಡೆಯುತ್ತಿತ್ತು. ಗಾಯಗಳನ್ನು ದೂರವಿಟ್ಟು, ಲಕ್ಷ್ಮಿಗಿಂತ ಹಗುರವಾಗಿ, ಆ ಹುಡುಗಿ ತೋರಿಸಿದ ದಾರಿಯಲ್ಲೇ.

"ಅತ್ತಿ, ಇದನ್ನ ಯಾವಾಗ ಕಲ್ತಿ?"

"ನಿನ್ನ ಮ್ಯಾಲೇ ಕಲ್ತೀನಿ" ಎಂದಳು ಕೈ ನಿಲ್ಲಿಸದೆ. "ಏಳ ತಿಂಗಳಿಗೇ ಹುಟ್ಟಿದ್ದಿ. ಇದು ಉಳಿಯಾಂಗಿಲ್ಲ ಅಂದಿದ್ರು ಎಲ್ಲಾರೂ. ಜೋರ ಹಚ್ಚಿದ್ರ ಎಲ್ಲಿ ಮುರೀತೀಯೋ ಅಂತ ಮೂರು ತಿಂಗಳು ಹಿಂಗ ಬರೇ ಕೈ ಆಡಿಸೀನಿ."

ನಾನು ಏಳು ತಿಂಗಳಿಗೆ ಹುಟ್ಟಿದ್ದು ಗೊತ್ತಿತ್ತು. ಆ ಮೂರು ತಿಂಗಳು ಗೊತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅವಳು ನನ್ನ ಹೊಟ್ಟೆ ತಟ್ಟುತ್ತಿದ್ದದ್ದು ಏಕೆಂದು ಆಗ ತಿಳಿದು, ಗುಂಡಿ ಹಾರಿದ ದಿನಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಎಷ್ಟು ತಗದ್ರು?" ಎಂದು ಕೇಳಿದಳು.

"ಏನತ್ತಿ?"

"ಈ ಕೈ ತುಂಬಿಸಿದ್ದು ಈ ಕೈಗೇ ಗೊತ್ತಾಗಾಂಗಿಲ್ಲೇನೋ, ಹುಚ್ಚ."

"ಮೂರು ಲೀಟರು" ಎಂದೆ.

ಅವಳ ಕೈ ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡದೆ ಮನಸ್ಸಿನಲ್ಲೇ ಏನೋ ಅಳೆದಳು.

"ಅಷ್ಟರಾಗ ನಿನ್ನಂಥಾವು ಎರಡು ಕೂಸ ಆಗ್ತಿದ್ದವು" ಎಂದಳು. ಕೈ ಮತ್ತೆ ಮೊದಲಿನಂತೆ ಹಗುರವಾಗಿ ನಡೆಯಿತು.

ಮಾಲಿಶ್ ಮುಗಿದ ಮೇಲೆ ಎಂದಿನಂತೆ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದಳು. ಅಂದು ನಾನು ಯಾವುದನ್ನೂ ದಿಂಬಿನಡಿ ಇಡಲಿಲ್ಲ. ಅವಳ ಎದುರಿಗೇ ಕೂತು ಎರಡು ಉಂಡಿ ತಿಂದೆ, ಒಂದೊಂದು ಕೂಸಿನ ಹೆಸರಿಗೆ ಒಂದೊಂದು.