ಹಡಗಿನ ಮೇಲೆ ಗಂಡನ ಗಡ್ಡ ತೆಗೆದದ್ದು

ನಾನು ಸಮುದ್ರ ನೋಡಿದ್ದು ಮದುವೆಯಾದ ಮೇಲೆ. ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ದೊಡ್ಡ ನೀರೆಂದರೆ ಮಳೆಗಾಲದ ಮಾಂಜ್ರಾ ನದಿ. ಭಾಲ್ಕಿ ತಾಲೂಕಿನ ಸಾಯಗಾಂವ ನನ್ನ ತವರು. ಅಪ್ಪ ಕುರಿ ಸಾಕುತ್ತಿದ್ದ. ಗಂಡ ಔರಾದ ಕಡೆಯ ಎಕಂಬಾದವರು, ಹೈದರಾಬಾದಿನಲ್ಲಿ ಮೋಟಾರು ರಿಪೇರಿ ಕಲಿತವರು. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳ್ವಿಕೆ ಮುಗಿದ ಎರಡನೆಯ ವರ್ಷಕ್ಕೆ ಅವರಿಗೆ ಆಫ್ರಿಕಾದ ಮೊಂಬಾಸಾದಲ್ಲಿ ಒಬ್ಬ ಗುಜರಾತಿ ಸೇಠರ ಗ್ಯಾರೇಜಿನಲ್ಲಿ ಕೆಲಸ ಗೊತ್ತಾಯಿತು. ಮುಂಬಯಿಯಲ್ಲಿ ಹಡಗು ಹತ್ತಿದೆವು. ನಮ್ಮದು ಡೆಕ್ಕಿನ ಟಿಕೇಟು. ಚಾಪೆ ಹಾಸಿಕೊಂಡಷ್ಟೇ ನಮ್ಮ ಜಾಗ.

ಅವರು ಮಾತು ಕಡಿಮೆಯ ಮನುಷ್ಯ. ನನಗೋ ಇನ್ನೂ ಅವರ ಮುಖವನ್ನು ನೇರವಾಗಿ ನೋಡುವುದಕ್ಕೇ ಸಂಕೋಚ. ಮೊದಲ ದಿನ ಬೆಳಿಗ್ಗೆ ಅವರು ಹಗ್ಗಕ್ಕೆ ಕನ್ನಡಿ ತೂಗುಹಾಕಿ, ನಲ್ಲಿಯಲ್ಲಿ ಬರುತ್ತಿದ್ದ ಸಮುದ್ರದ ನೀರಿನಿಂದ ಮುಖಕ್ಕೆ ಸಾಬೂನು ಉಜ್ಜತೊಡಗಿದರು. ಬ್ರಶ್ಶು ಎಷ್ಟು ತಿರುಗಿಸಿದರೂ ಉಪ್ಪುನೀರಿಗೆ ನೊರೆ ಏಳಲಿಲ್ಲ, ಕೆನ್ನೆಯ ಮೇಲೆ ಹಾಲು ಒಡೆದ ಹಾಗಾಯಿತು. ಕೊನೆಗೆ ನಮ್ಮ ಪಾಲಿಗೆ ಕೊಟ್ಟಿದ್ದ ಕುಡಿಯುವ ನೀರನ್ನೇ ಅರ್ಧ ಲೋಟ ಬಗ್ಗಿಸಿಕೊಂಡರು. ಹಡಗು ತೂಗುತ್ತಿತ್ತು, ಕನ್ನಡಿ ಅತ್ತಿತ್ತ ಓಡುತ್ತಿತ್ತು, ಅದರ ಹಿಂದೆ ಇವರ ಮುಖವೂ ಓಡುತ್ತಿತ್ತು. ಕುಡಿಯುವುದಕ್ಕೇ ಸಾಲದ ನೀರಿನಲ್ಲಿ ಇದೆಂಥ ಷೋಕಿ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು.

ಮರುದಿನ ಗಾಳಿಗೆ ಕಬ್ಬಿಣದ ಬಾಗಿಲೊಂದು ರಪ್ಪೆಂದು ಹಾಕಿಕೊಂಡು ಅವರ ಬಲಗೈ ಬೆರಳುಗಳು ಜಜ್ಜಿಹೋದವು. ಹಡಗಿನ ಡಾಕ್ಟರು ಮುಂಗೈತನಕ ಪಟ್ಟಿ ಸುತ್ತಿ ಕಳಿಸಿದರು. ಇವರು ಎಡಗೈಯಲ್ಲಿ ಕ್ಷೌರದ ಕತ್ತಿ ಹಿಡಿಯಲು ನೋಡಿದರು, ಆಗಲಿಲ್ಲ. ಹಡಗಿನಲ್ಲಿ ಒಬ್ಬ ಕ್ಷೌರಿಕನಿದ್ದ. ಅವನು ಮೇಲಿನ ಕ್ಯಾಬಿನ್ನಿನವರಿಗೆ ಮಾತ್ರ.

ಗಡ್ಡ ಬೆಳೆಯಿತು. ಗಡ್ಡ ಬೆಳೆದಂತೆ ಇವರು ಕುಗ್ಗಿದರು. ಊಟ ಬಿಟ್ಟು, ಕನ್ನಡಿಯನ್ನು ಟ್ರಂಕಿನ ತಳಕ್ಕೆ ಹಾಕಿ, ಹಡಗಿನ ಅಂಚಿನ ಕಟಕಟೆಗೆ ಒರಗಿ ಕೂತುಬಿಟ್ಟರು. ಕೈನೋವಿರಬೇಕು ಅಂದುಕೊಂಡೆ. ಆದರೂ ಧೈರ್ಯ ಮಾಡಿ ಕೇಳಿದೆ.

"ಯಾಕ ಹಿಂಗ ಕುಂತೀರಿ? ಭಾಳ ಬ್ಯಾನಿ ಆಗ್ತದೇನ್ರಿ?"

"ಕೈದಲ್ಲ," ಎಂದು ಗಲ್ಲ ಸವರಿಕೊಂಡರು. "ಇದು. ರಜಾಕಾರರ ಗದ್ದಲದಾಗ ನಾ ಎಷ್ಟೋ ತಿಂಗಳು ಜ್ವಾಳದ ಹೊಲದಾಗ, ಹಳ್ಳದಾಗ ಅಡಗಿದ್ದೆ. ಮಿಲಿಟರಿ ಬಂತು, ಎಲ್ಲಾ ಮುಗೀತು ಅಂತ ಮನಿಗಿ ಹೋದೆ. ನಮ್ಮವ್ವ ನನ್ನ ಗಡ್ಡ ನೋಡಿ ರಜಾಕಾರ ಅಂತ ಚೀರಿ ಬಾಗಲಾ ಹಾಕ್ಕೊಂಡಳು. ಹೆತ್ತಾಕಿಗೆ ನನ್ನ ಗುರ್ತಾ ಸಿಗಲಿಲ್ಲ. ಅವತ್ತಿನಿಂದ ಒಂದು ದಿನಾನೂ ಗಡ್ಡ ಬಿಟ್ಟಿದ್ದಿಲ್ಲ ನಾ."

ಷೋಕಿ ಎಂದುಕೊಂಡಿದ್ದಕ್ಕೆ ಕಣ್ಣು ತುಂಬಿತು.

ಪಕ್ಕದ ಚಾಪೆಯಲ್ಲಿ ಬುರ್ಖಾದ ಒಬ್ಬ ಹಿರಿಯ ಹೆಂಗಸು ಮುಂಬಯಿಯಿಂದಲೂ ಜಪದ ತಸಬಿ ಮಣಿ ಎಣಿಸುತ್ತ ಒಬ್ಬರೇ ಕೂತಿದ್ದರು. ಅವರು ಮುಖದ ಮೇಲಿನ ಬಟ್ಟೆ ಸರಿಸಿ ಕೇಳಿದರು. "ಯಾವೂರು ಬೇಟಿ ನಿಂದು?"

ಆ ನೀರಿನ ನಡುವೆ ನಮ್ಮ ಕಡೆಯ ಕನ್ನಡ! ಬೆಚ್ಚಿಬಿದ್ದೆ. "ಸಾಯಗಾಂವರಿ. ಭಾಲ್ಕಿ ಹತ್ರ."

"ನಾ ಬೀದರದಾಕಿ. ಮಗ ಮೊಂಬಾಸಾದಾಗ ಹೊಲಿಗಿ ಅಂಗಡಿ ಇಟ್ಟಾನ, ಅವನ ಹತ್ರ ಹೊಂಟೀನಿ." ಆಮೇಲೆ ನನ್ನ ಗಂಡನ ಕಡೆಗೆ ನೋಡದೆ ಹೇಳಿದರು. "ನಮ್ಮವರು ಹಾಸಿಗಿ ಹಿಡಿದಾಗ ಮಿಲಿಟರಿ ಬಂದಿತ್ತು. ಮುಸಲ್ಮಾನರ ಓಣಿ ಅಂತ ಹಜಾಮ ಬರೋದು ಬಿಟ್ಟ, ಯಾರೂ ಬರೋದು ಬಿಟ್ಟರು. ಅವರ ಗಲ್ಲ ನಾನೇ ಕೆರೀತಿದ್ದೆ, ಕಡೀತನಕ. ನಿನಗೂ ಬರ್ತದ. ಮಾಡು."

ನನ್ನ ಗಂಡ ತಲೆ ತಗ್ಗಿಸಿದ್ದರು. ಆಮೇಲೆ ಅವರೇ ಎದ್ದು ಟ್ರಂಕಿನಿಂದ ಕತ್ತಿ, ಬ್ರಶ್ಶು, ಸಾಬೂನು ತೆಗೆದು ನನ್ನ ಮುಂದಿಟ್ಟರು.

ಆ ಹಿರಿಯ ಹೆಂಗಸು, ಅಂದಿನಿಂದ ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆದೆ, ತಮ್ಮ ಪಾಲಿನ ಸಿಹಿನೀರನ್ನೂ ಕೊಟ್ಟರು. ನೊರೆ ಈ ಸಲ ಬೆಣ್ಣೆಯಂತೆ ಎದ್ದಿತು. ಕತ್ತಿ ಬಿಚ್ಚಿ, ಚರ್ಮದ ಪಟ್ಟಿಗೆ ತೀಡಿ ಕೆನ್ನೆಯ ಹತ್ತಿರ ತಂದರೆ, ಹಡಗು ತೂಗಿ ಕತ್ತಿ ಪಕ್ಕಕ್ಕೆ ಸರಿಯಿತು.

"ಹಡಗದ ಕೂಡ ಜಗಳ ಮಾಡಬ್ಯಾಡ," ಎಂದರು ಖಾಲಾ. "ಅದು ಎದ್ದಾಗ ಕತ್ತಿ ಎತ್ತು. ಇಳಿದು ನಿಂತಾಗ ಎಳಿ. ತಲಿ ಅಲುಗದಂಗ ಹಿಡಿಯಾಕ ಒಬ್ಬರು ಬೇಕು." ಇವರ ಹಿಂದೆ ಬಂದು ಕೂತು ಕೇಳಿದರು. "ನಾ ಹಿಡೀಲೇನು ಬೇಟಾ?"

ಇವರು ತಲೆಯನ್ನು ಹಿಂದಕ್ಕೆ, ಅವರ ಕೈಗೆ ಒರಗಿಸಿದರು. "ಹಿಡೀರಿ ಅಮ್ಮಾ," ಎಂದು ಕಣ್ಣು ಮುಚ್ಚಿದರು.

ಅಪ್ಪ ಕುರಿಯ ಉಣ್ಣೆ ಕತ್ತರಿಸುವಾಗ ಕಾಲು ಹಿಡಿಯುತ್ತಿದ್ದವಳು ನಾನು. ತೊಗಲು ಬಿಗಿಯಾಗಿದ್ದರೆ ಕತ್ತರಿ ಕಚ್ಚುವುದಿಲ್ಲ ಎಂಬುದು ಗೊತ್ತಿತ್ತು. ಎಡಗೈಯಿಂದ ಕೆನ್ನೆ ಎಳೆದು ಹಿಡಿದೆ. ಹಡಗು ಇಳಿದು ನಿಂತಿತು. ಎಳೆದೆ. ನೊರೆಯ ಅಡಿಯಿಂದ ಅಂಗೈಯಗಲ ಚರ್ಮ ನುಣ್ಣಗೆ ಹೊರಬಿತ್ತು. ಏರಿತು, ಎತ್ತಿದೆ. ಮತ್ತೆ ನಿಂತಿತು, ಎಳೆದೆ. ಗದ್ದದ ತಿರುವಿನಲ್ಲಿ ಒಂದು ಕಡೆ ರಕ್ತ ಜಿನುಗಿತು. ನಾನು ಅಯ್ಯೋ ಎಂದರೆ ಇವರು ಕಣ್ಣು ಮುಚ್ಚಿಯೇ ನಕ್ಕರು.

"ನಿಮ್ಮಪ್ಪನ ಕುರಿನೂ ಹಿಂಗ ಕೊಯ್ತಿದ್ದೇನು?"

ಮದುವೆಯಾದ ಮೇಲೆ ಅವರು ನನ್ನ ಜೊತೆ ಆಡಿದ ಮೊದಲ ತಮಾಷೆ ಅದು. ಖಾಲಾ ನಕ್ಕ ರಭಸಕ್ಕೆ ಅವರ ಕೈಯಲ್ಲಿದ್ದ ತಲೆಯೂ ಅಲುಗಿತು. ರಕ್ತ ನಿಲ್ಲಲೆಂದು ಗಾಯಕ್ಕೆ ಪಟಿಕದ ಹರಳು ಉಜ್ಜಿದೆ. ಮುಖ ತೊಳೆದು ಒರೆಸಿದಾಗ, ಮೊದಲ ಸಲ ಸಂಕೋಚವಿಲ್ಲದೆ ಅವರನ್ನು ನೋಡಿದೆ. ಚಂದದ ಮುಖ. ಎಡಹುಬ್ಬಿನಲ್ಲಿ ಒಂದು ಮಚ್ಚೆ ಇರುವುದೂ ಆಗಲೇ ಕಂಡಿತು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅದೇ ಕೆಲಸ. ಸಾಬೂನು ಹಚ್ಚಿಸಿಕೊಳ್ಳುತ್ತ ಅವರು ಮಾತಾಡಲು ಕಲಿತರು. ಹೊಲದಲ್ಲಿ ಅಡಗಿದ್ದಾಗಿನ ಹಸಿವು, ಮೊದಲ ಸಲ ಎಂಜಿನ್ನು ಬಿಚ್ಚಿದ್ದು, ಅವ್ವ ಆಮೇಲೆ ಬಾಗಿಲು ತೆಗೆದು ತಬ್ಬಿಕೊಂಡು ಅತ್ತದ್ದು. ಖಾಲಾ ನಡುನಡುವೆ "ಹೂಂ, ಮುಂದ?" ಎನ್ನುತ್ತಿದ್ದರು.

ಮೊಂಬಾಸಾ ಬಂದರಿಗೆ ಸೇಠರೇ ಬಂದಿದ್ದರು. ಪಟ್ಟಿ ಸುತ್ತಿದ ಕೈ ನೋಡಿ ಅವರ ಹುಬ್ಬು ಗಂಟಾಯಿತು. ಇವರು ಹೆದರದೆ ಹೇಳಿದರು, "ಕೈ ವಾಸಿ ಆಗೂತನ ಬಾಯಿಲೆ ಹೇಳಿ ಕೆಲಸ ಮಾಡಸ್ತೀನ್ರಿ." ತಾಯಿಯನ್ನು ಕರೆದೊಯ್ಯಲು ಬಂದಿದ್ದ ಖಾಲಾನ ಮಗ ಅದನ್ನು ಗುಜರಾತಿಯಲ್ಲಿ ತಿಳಿಸಿ ಹೇಳಿದ. ಸೇಠರು ಆಗಲಿ ಎಂದು ತಲೆಯಾಡಿಸಿದರು.

ಮನೆ ಸಿಗುವವರೆಗೆ ಖಾಲಾ ನಮ್ಮನ್ನು ಬಿಡಲಿಲ್ಲ. ಮಗನ ಅಂಗಡಿಯ ಹಿಂದಿನ ಕೋಣೆಯಲ್ಲೇ ಇರಿಸಿಕೊಂಡರು. ಮೊದಲ ಸಂಜೆ ಖಾಲಾ ಮತ್ತು ನಾನು ಸೇರಿ ಅಲ್ಲಿಯ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದೆವು. ಒಂದೂ ನೆಟ್ಟಗೆ ಬರಲಿಲ್ಲ, ತವೆಯ ಮೇಲೇ ಮುರಿದವು. ಇವರು ಎಡಗೈಯಲ್ಲೇ ಚೂರುಗಳನ್ನು ಆರಿಸಿ ಆರಿಸಿ ತಿಂದು, "ಇನ್ನೊಂದು ಬಡೀರಿ," ಎಂದರು.