ಇವತ್ತು ಲೈನ್ ಬರೂದಿಲ್ರಿ

ಧಾರವಾಡದಲ್ಲಿ ಕಡಲಿಲ್ಲ. ಆದರೂ ದ್ವೀಪಗಳಿಗೆ ಹೋಗುವ ಸಮುದ್ರದಡಿಯ ಇಂಟರ್ನೆಟ್ ಕೇಬಲ್ ತುಂಡಾದರೆ ಜನರ ದೂರು ಬರುವುದು ಲಕಮನಹಳ್ಳಿಯ ನಮ್ಮ ಕಾಲ್ ಸೆಂಟರಿಗೆ. ನಾವು ಕೊಡಬೇಕಾದ ಉತ್ತರ ಮೊದಲೇ ಗೊತ್ತುಮಾಡಿದ್ದು: "ಲಗೂನ ಸರಿ ಆಗ್ತದ್ರಿ." ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ.

ಹೋದ ವರ್ಷ ಕೇಬಲ್ ತುಂಡಾದ ಮರುದಿನ ಬೈರಿದೇವರಕೊಪ್ಪದ ಒಬ್ಬ ಮೆಕ್ಯಾನಿಕ್ ಫೋನ್ ಮಾಡಿದರು. ಅವರ ಹೆಂಡತಿ ನಸುಕಿನಲ್ಲಿ ತೀರಿಕೊಂಡಿದ್ದರು. ಮಗಳನ್ನು ದ್ವೀಪಕ್ಕೆ ಕೊಟ್ಟಿದ್ದರು. ಮಣ್ಣಿಗೆ ಒಯ್ಯುವ ಮೊದಲು ಅವಳು ವಿಡಿಯೋದಲ್ಲಿ ತಾಯಿಯ ಮುಖ ನೋಡಬೇಕೆಂದಿದ್ದಳು.

"ಲಗೂನ ಅಂದ್ರ ಮಧ್ಯಾಹ್ನದ ನಮಾಜಿನೊಳಗ ಬರ್ತದೇನ್ರಿ? ಇಲ್ಲಾ, ಮಣ್ಣು ಸಂಜಿಗಿ ಇಟ್ಕೊಳ್ಳೂನೇನು? ತಡಾ ಆತಂತ ಹಿರ್ಯಾರು ಬೈಯಾಕತ್ತಾರ."

ಉಪಗ್ರಹದ ಮೂಲಕ ಮಾತು ಹೋಗುತ್ತಿತ್ತು, ವಿಡಿಯೋ ಹೋಗುತ್ತಿರಲಿಲ್ಲ. "ಫೋನಿನ್ಯಾಗ ಮಾತಾಡಬಹುದು ಕಾಕಾ," ಅಂದೆ.

"ನಾನು ಮಗಳು ಮಾತಾಡೇವಿ. ಇನ್ನ ಆಕಿ ತಾಯಿ ಮಾತಾಡಬೇಕಲ್ರಿ."

ದುರಸ್ತಿಯ ಹಡಗು ಇನ್ನೂ ಬಂದರು ಬಿಟ್ಟಿರಲಿಲ್ಲ. ನನ್ನ ಮುಂದಿನ ಪರದೆಯಲ್ಲಿ ಅದು ಕಾಣುತ್ತಿತ್ತು.

"ಇವತ್ತು ಬರೂದಿಲ್ಲ ಕಾಕಾ. ನಾಳೆನೂ ಇಲ್ಲ. ಕಾಯಬ್ಯಾಡ್ರಿ."

ಅವರ ಹಿಂದೆ ಹೆಂಗಸರು ಅಳುವುದು ಕೇಳಿಸುತ್ತಿತ್ತು. "ಖರೇ ಹೇಳಿದ್ರಿ. ಛಲೋ ಆತು," ಎಂದು ಫೋನ್ ಇಟ್ಟರು.

ಈಗ ಹೊಸಬರ ತರಬೇತಿಯಲ್ಲಿ ಆ ಕರೆಯ ರೆಕಾರ್ಡಿಂಗ್ ಕೇಳಿಸುತ್ತಾರೆ, ಗ್ರಾಹಕರಿಗೆ ಏನು ಹೇಳಬಾರದು ಎಂಬುದಕ್ಕೆ. "ಕಾಯಬ್ಯಾಡ್ರಿ" ಎಂಬಲ್ಲಿಗೆ ಅದು ಮುಗಿಯುತ್ತದೆ. ಕಾಕಾ ಕೊನೆಗೆ ಹೇಳಿದ್ದನ್ನು ಕತ್ತರಿಸಿದ್ದಾರೆ; ಕರೆ ಉದ್ದವಾಯಿತಂತೆ.