ಹೆಸರಿನ ಮುಂದೆ ಕೂತ ‘ದಿ.’

ಗುರುಲಿಂಗಪ್ಪ ಶಾಲೆಯಲ್ಲಿ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಮಿಕ್ಕಿದ್ದನ್ನೆಲ್ಲ ಸ್ಟೇಶನ್ ಬಜಾರದ ಒಂದು ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತ, ಅಕ್ಷರಗಳನ್ನು ಉಲ್ಟಾ ಓದಿ ಕಲಿತವನು. ಮೊಳೆಗಳ ಕಾಲ ಮುಗಿದ ಮೇಲೆ ಜಗತ್ ವೃತ್ತದ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದು ಪ್ರಕಾಶನ ಶುರು ಮಾಡಿದ. ಇಪ್ಪತ್ತೆರಡು ವರ್ಷದಲ್ಲಿ ನಲವತ್ತೊಂದು ಪುಸ್ತಕ ತಂದ. ಒಂದರಲ್ಲೂ ಕಾಗುಣಿತ ತಪ್ಪಿಲ್ಲವೆಂದು ಎದೆ ತಟ್ಟಿ ಹೇಳುತ್ತಿದ್ದ. ಬಾಯಿಮಾತು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ನಿಲ್ಲುತ್ತದೆ ಎಂಬುದು ಅವನು ಕಂಡಕಂಡವರಿಗೆಲ್ಲ ಹೇಳುವ ಮಾತಾಗಿತ್ತು.

ನಲವತ್ತೆರಡನೆಯದು ಕಮಲಾಪುರದ ಕಸ್ತೂರಿಬಾಯಿಯ ಬೀಸುವ ಹಾಡುಗಳು. ಎಂಬತ್ತೆರಡು ತುಂಬಿದ ಮುದುಕಿ. ಸಹಿ ಹಾಕಲೂ ಬಾರದು. ಆದರೆ ಬೀಸುಕಲ್ಲಿನ ಮುಂದೆ ಕೂತಳೆಂದರೆ ಹಾಡು ಹಿಟ್ಟಿನ ಹಾಗೆ ಉದುರುತ್ತಿತ್ತು. ಎರಡು ವರ್ಷ ಗುರುಲಿಂಗಪ್ಪ ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ಬರೆದುಕೊಂಡು ಬಂದ. ಆಕೆ ಅವನನ್ನು ಕೇಳಿದ್ದು ಒಂದೇ.

“ತಮ್ಮಾ, ಹಾಡು ನಮ್ಮವ್ವಂದು, ಆಕಿ ಅವ್ವಂದು. ನಂದೇನಿಲ್ಲ. ಖರೇ, ಹಾಡಿದಾಕಿ ಯಾರು ಅಂಬೋದು ಮಂದಿಗಿ ಗೊತ್ತಾಗ್ಲಿ. ನಾಕು ಊರಾಗ ಕರದ್ರ ಹೋಗಿ ಹಾಡಿ ಬರ್ತೀನಿ. ಹೆಸರು ನೆಟ್ಟಗ ಹಾಕು.”

“ನನ್ನ ಕೈಯಾಗ ಹೆಸರು ತಪ್ಪತದೇನವ್ವಾ?” ಎಂದು ಅವನು ನಕ್ಕಿದ್ದ.

ಹೆಸರನ್ನು ಅವನು ಆ ಕಡೆಯ ರೂಢಿಯಂತೆಯೇ ಬರೆದುಕೊಂಡಿದ್ದ: ‘ಕಸ್ತೂರಿಬಾಯಿ ಗಂಡ ದಿ. ದೇವಿಂದ್ರಪ್ಪ’. ರೇಶನ್ ಕಾರ್ಡಿನಲ್ಲಿ, ಪಹಣಿಯಲ್ಲಿ, ಎಲ್ಲೆಲ್ಲೂ ಹೆಂಗಸಿನ ಹೆಸರು ಹೀಗೆಯೇ ಇರುತ್ತದೆ. ಗಂಡ ತೀರಿಕೊಂಡಿದ್ದರೆ ಅವನ ಹೆಸರಿನ ಮುಂದೆ ದಿವಂಗತನೆಂದು ಒಂದು ‘ದಿ.’ ಬಂದು ಕೂರುತ್ತದೆ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಮಕ್ಬೂಲನಿಗೆ ಮುಖಪುಟದ ಮೇಲೆ ಗಂಡನೇಕೆ ಅನ್ನಿಸಿತು. ‘ಗಂಡ’ನನ್ನೂ ಅಳಿಸಿದ, ‘ದೇವಿಂದ್ರಪ್ಪ’ನನ್ನೂ ಅಳಿಸಿದ. ನಡುವೆ ಉಳಿದ ‘ದಿ.’ ಶ್ರೀಯಂತೆ ಯಾವುದೋ ಮರ್ಯಾದೆಯ ಅಕ್ಷರವೆಂದು ತಿಳಿದು ಕಸ್ತೂರಿಬಾಯಿಯ ಮುಂದೆ ತಂದಿಟ್ಟ. ಆ ಹೊತ್ತಿಗೆ ಗುರುಲಿಂಗಪ್ಪನ ಎಡಗಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಒಳಗಿನ ಒಂದೊಂದು ಸಾಲನ್ನೂ ಮೂರು ಮೂರು ಸಲ ತಿದ್ದಿದವನು ಮುಖಪುಟವನ್ನು ಮಾತ್ರ ಚಿತ್ರ ನೋಡಿದಂತೆ ನೋಡಿ ಆಗಲಿ ಎಂದುಬಿಟ್ಟ.

ಐದುನೂರು ಪ್ರತಿ ಬಂದು ಕೋಣೆ ತುಂಬಿದ ದಿನ ಅವನ ಹೆಂಡತಿ ವಿಮಲಾಬಾಯಿ ಒಂದನ್ನು ಎತ್ತಿ ನೋಡಿದಳು.

“ಏನ್ರೀ, ಕಸ್ತೂರಕ್ಕ ಯಾವಾಗ ಹೋದಳು?”

“ಎಲ್ಲಿಗಿ?”

“ಮ್ಯಾಲಕ್ಕ.”

ಗುರುಲಿಂಗಪ್ಪ ಪ್ರತಿಯನ್ನು ಕಸಿದು ಕಣ್ಣಿನ ಹತ್ತಿರ ಹಿಡಿದ. ಗಂಡ ಹೆಂಡತಿ ಮೂರು ದಿನ ಮೈದಾಹಿಟ್ಟಿನ ಅಂಟು ಕಾಯಿಸಿಕೊಂಡು ಕೂತು, ‘ಶ್ರೀಮತಿ ಕಸ್ತೂರಿಬಾಯಿ’ ಎಂಬ ಚೀಟಿಯನ್ನು ಒಂದೊಂದೇ ಪ್ರತಿಗೆ ಹಚ್ಚಿದರು. ಆದರೆ ಆರು ಪ್ರತಿ ಪುಸ್ತಕ ಬಂದ ದಿನ ಬೆಳಿಗ್ಗೆಯೇ ಗೌರವಪ್ರತಿಗಳೆಂದು ಹೋಗಿಬಿಟ್ಟಿದ್ದವು. ಐದನ್ನು ಮನೆ ಮನೆ ತಿರುಗಿ ವಾಪಸು ತಂದ. ಆರನೆಯದು ಕೈಯಿಂದ ಕೈಗೆ ದಾಟಿ ಹೋಗಿತ್ತು. ಯಾರೋ ಪುಣ್ಯಾತ್ಮರು ಅದರ ಪುಟಪುಟದ ಫೋಟೋ ಹೊಡೆದು, ಪಿಡಿಎಫ್ ಮಾಡಿ, ವಾಟ್ಸಪ್ಪಿನ ಗುಂಪುಗಳಿಗೆ ಬಿಟ್ಟರು.

ಕದ್ದವರೆಂದು ಬೈಯಲು ಕೂಡ ಎದುರಿಗೆ ಒಂದು ಮುಖವಿಲ್ಲ. ಪುಸ್ತಕ ಮಾರಲು ಮೇಜು ಹಾಕಿದರೆ ಜನ ನಗುನಗುತ್ತಲೇ ಬರುತ್ತಿದ್ದರು. “ಭಾಳ ಛಂದ ಅದಾವ್ರೀ ಹಾಡು. ನಮ್ಮ ಫೋನಿನ್ಯಾಗ ಅದರಿ, ಮನಿಮಂದಿಯೆಲ್ಲ ಓದೇವಿ,” ಎಂದು ಹೊಗಳಿ ಮುಂದೆ ಹೋಗುತ್ತಿದ್ದರು. ಮುನ್ನೂರು ಪ್ರತಿ ಗೋಡೆಗೆ ಬೆನ್ನು ಹಚ್ಚಿ ಕೂತವು ಏಳಲೇ ಇಲ್ಲ. ಅವು ಎದ್ದರಲ್ಲವೇ ಹೆಸರು ತಿದ್ದಿದ ಎರಡನೆಯ ಮುದ್ರಣ!

ಆಷಾಢದಲ್ಲಿ ಕಸ್ತೂರಿಬಾಯಿಯ ಮೊಮ್ಮಗಳು ಅಂಜನಾ ಫೋನು ಮಾಡಿದಳು. “ಕಾಕಾ, ಒಮ್ಮಿ ಬಂದು ಹೋಗ್ರಿ. ಆಯಿ ಊಟ ಬಿಟ್ಟಾಳ.”

ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿನವರು ಕೂಗಿ ಕರೆದರೂ ತಿರುಗಿ ನೋಡದೆ ನಡೆದ. ಮುದುಕಿ ಪಡಸಾಲೆಯಲ್ಲಿ ಕೂತಿದ್ದಳು.

“ಬಾ ತಮ್ಮಾ. ನನ್ನ ದಿನಕರ್ಮದ ಊಟಕ್ಕ ಬಂದ್ಯಾ?”

“ಹಂಗ ಅನಬ್ಯಾಡವ್ವಾ. ಸುಳ್ಳು ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚತದ ಅಂತಾರ.”

“ಹೆಚ್ಚಿದ್ದು ತಗೊಂಡು ಏನ್ ಮಾಡ್ಲಿ? ತಾಜಸುಲ್ತಾನಪುರದಾಗ ಹೆಣ್ಮಕ್ಕಳೆಲ್ಲ ಕೂಡಿ ನನ್ನ ಹಾಡು ಹಾಡಿದ್ರಂತ. ಫೋನಿನ್ಯಾಗಿಂದು ಓದಿ ಓದಿ. ಧಾಟಿ ತಪ್ಪಿತ್ತಂತ. ನಲವತ್ತು ಮೈಲಿ ಸುದ್ದ ದೂರಿಲ್ಲ, ನನ್ನ ಕರೀಲಿಲ್ಲ. ಸತ್ತಾಕಿನ್ನ ಹೆಂಗ ಕರೀತಾರ? ಕೊರಳು ಇನ್ನೊಂದು ವರ್ಷ ಇರ್ತದೋ ಇಲ್ಲೋ.”

ಅಂಜನಾ ಫೋನು ತೋರಿಸಿದಳು. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಬರಹದ ಕೆಳಗೆ ಪುಸ್ತಕದ ಮುಖಪುಟ. “ಆಯಿ ಇದ್ದಾಳ ಅಂತ ನಾ ಹಾಕ್ದೆ ಕಾಕಾ. ಪುಸ್ತಕದಾಗೇ ಹಂಗ ಅಚ್ಚಾಗ್ಯಾದ, ನೀ ಯಾರು ಅಂತ ಕೇಳಿದ್ರು.”

ಗುರುಲಿಂಗಪ್ಪ ತಲೆ ತಗ್ಗಿಸಿದ. ಇಷ್ಟು ವರ್ಷ ತಾನು ಹೇಳಿಕೊಂಡು ತಿರುಗಿದ ಮಾತೇ ಬಂದು ಮುಖಕ್ಕೆ ಹೊಡೆದಂತಾಗಿತ್ತು.

“ಚೀಟಿ ಹಚ್ಚಿದ ಪ್ರತಿ ನೀವೇ ಫೋಟೋ ಹೊಡದು ಬಿಟ್ಟುಬಿಡ್ರಿ,” ಎಂದಳು ಅಂಜನಾ. “ಮಂದಿ ಅದನ್ನ ಓದ್ತಾರ.”

ಬೇರೆಯವರು ಕದ್ದು ಹಂಚಿದ್ದನ್ನು ಈಗ ಗುರುಲಿಂಗಪ್ಪ ತಾನೇ ಕೈಯಾರೆ ಹಂಚಬೇಕು. ಮುದುಕಿ ಅವನ ಬಾಯಿಯನ್ನೇ ನೋಡುತ್ತಿದ್ದಳು. “ಆಗ್ಲಿ,” ಎಂದ.

ಮರುದಿನ ಮಕ್ಬೂಲ ಫೈಲು ಸಿದ್ಧಮಾಡಿ ಬೆರಳು ತಡೆದು ಹಿಡಿದ. “ಕಾಕಾ, ಸೋಚ್ ಮಾಡ್ರಿ. ಇದು ಬಿಟ್ರ ಆ ಮುನ್ನೂರು ರದ್ದಿಗೇ ಹೋಗ್ತಾವ.”

“ಬಿಡೋ. ತಪ್ಪು ನಿಂದಷ್ಟೇ ಅಲ್ಲ, ನಂದೂ ಅದ.”

ಹನ್ನೊಂದು ಗುಂಪಿಗೆ ಹೋಯಿತು. ಹೊತ್ತು ಏರುವುದರೊಳಗೆ ಉತ್ತರಗಳು ಬರತೊಡಗಿದವು. ‘ಸರ್, ಇದು ಹಿಂದೇ ಬಂದದ.’ ‘ಹಳೇ ಫೈಲ್ ಮತ್ತ ಮತ್ತ ಹಾಕಬ್ಯಾಡ್ರಿ.’ ಗುರುಲಿಂಗಪ್ಪ ಒಂದೊಂದೇ ಅಕ್ಷರ ಒತ್ತಿ ಬರೆದ: ‘ನಾನೇ ಪ್ರಕಾಶಕ. ಮೊದಲಿನದು ತಪ್ಪು. ಕಸ್ತೂರಿಬಾಯಿ ಬದುಕಿದ್ದಾರೆ.’ ಹೆಸರನ್ನಷ್ಟೇ ಓದಿದ ಯಾರೋ ಒಬ್ಬರು ಕೈಮುಗಿದು ‘ಓಂ ಶಾಂತಿ’ ಎಂದರು. ಅವರ ಹಿಂದೆ ಇನ್ನೂ ನಾಲ್ವರು ಅಂದರು. ಮಧ್ಯಾಹ್ನದ ಹೊತ್ತಿಗೆ ಮೂರು ಗುಂಪುಗಳಿಂದ ಅವನನ್ನೇ ತೆಗೆದುಹಾಕಿದ್ದರು. ಹಳೆಯ ಫೈಲು ಮಾತ್ರ ‘ಓದಲೇಬೇಕಾದ ಪುಸ್ತಕ’ ಎಂಬ ಹಣೆಪಟ್ಟಿ ಹೊತ್ತು ಬೇರೊಂದು ಗುಂಪಿನಿಂದ ಅವನ ಫೋನಿಗೇ ಬಂದು ಬಿತ್ತು.

ದೀಪ ಹಚ್ಚುವ ಹೊತ್ತಿಗೆ ಅಂಜನಾಳ ಫೋನಿನಿಂದ ಮುದುಕಿ ಮಾತಾಡಿದಳು.

“ಬಿಟ್ಟ್ಯಾ ತಮ್ಮಾ?”

“ಬಿಟ್ಟೆನವ್ವಾ.”

“ಯಾರರೆ ನನ್ನ ಕೇಳಿದ್ರೇನು?”

ಸುಳ್ಳು ಹೇಳಲು ಬಾಯಿ ತೆರೆದ. “ಇನ್ನೂ ಇಲ್ಲವ್ವಾ,” ಎಂಬ ನಿಜವೇ ಹೊರಬಿತ್ತು.

“ಇರ್ಲಿ. ನೀನರೆ ಕೇಳು,” ಎಂದು ಕಸ್ತೂರಿಬಾಯಿ ಹಾಡಲು ಶುರುಮಾಡಿದಳು. ಬೀಸುಕಲ್ಲಿನ ಸದ್ದಿಲ್ಲ, ಬರಿಯ ಕೊರಳು. ಗುರುಲಿಂಗಪ್ಪ ಮಾರದೆ ಉಳಿದ ಪುಸ್ತಕದ ಕಟ್ಟುಗಳ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡ. ಮೂರನೆಯ ನುಡಿಯಲ್ಲಿ ಕೊರಳು ನಡುಗಿ, ತಟ್ಟನೆ ನಿಂತುಹೋಯಿತು.

“ಅವ್ವಾ?” ಎಂದ. ಕಟ್ಟುಗಳ ಮೇಲಿಂದ ಎದ್ದುನಿಂತ. “ಅವ್ವಾ!”

“ಅದೀನೋ, ಅದೀನಿ,” ಎಂದಳು ಮುದುಕಿ. “ಉಸುರು ತಗೊಳ್ಲಾಕತ್ತೀನಿ.”